ಕಪ್ಪು ಮೀನು ಮತ್ತು ಮಾವನ ಸೊಂಟದಳತೆ

ನಮ್ಮ ಬೀದಿಯ ಟೈಲರನ್ನು ಎಲ್ಲರೂ ಕರೆಯುವುದು ಒಂದಿಂಚು ಅಂತ. ಅವನ ಎತ್ತರಕ್ಕೂ ಈ ಹೆಸರಿಗೂ ಸಂಬಂಧವಿಲ್ಲ. ಆಸಾಮಿ ತನ್ನ ಮನೆಯ ಬಾಗಿಲಿಗೇ ತಲೆ ಬಗ್ಗಿಸಿ ಹೋಗುವಷ್ಟು ಉದ್ದ. ಯಾರ ಬಟ್ಟೆ ಹೊಲಿದರೂ ಕೊಡುವಾಗ ಒಳಮಗ್ಗುಲು ತಿರುಗಿಸಿ, "ಇಲ್ನೋಡಿ, ಒಳಗೆ ಒಂದಿಂಚು ಬಿಟ್ಟಿದ್ದೀನಿ. ನಾಳೆ ಮೈ ಬಂದ್ರೆ ಬಿಚ್ಚಿ ಸಡಿಲ ಮಾಡ್ಕೊಡ್ತೀನಿ" ಅನ್ನುವುದು ಅವನ ಪದ್ಧತಿ. ಹಾಸಿಗೆ ಹಿಡಿದು ವೈದ್ಯರೂ ಕೈಬಿಟ್ಟಿದ್ದ ಮುದುಕರೊಬ್ಬರ ಅಂಗಿಗೂ ಹಾಗೇ ಬಿಟ್ಟಿದ್ದ. ಅವರು ಆ ಒಂದಿಂಚನ್ನು ಮುಟ್ಟಿ ನೋಡಿ, "ಇವನೊಬ್ಬನಿಗಾದರೂ ನನ್ನ ಮೇಲೆ ನಂಬಿಕೆ ಇದೆಯಲ್ಲ" ಎಂದು ಎದ್ದು ಕೂತವರು, ಆ ಅಂಗಿ ಹರಿದು ಇನ್ನೊಂದು ಹೊಲಿಸುವವರೆಗೂ ಬದುಕಿದ್ದರು.

ನಾನು ಪಕ್ಕದ ಮನೆಯವನು. ನನ್ನ ಪ್ಯಾಂಟುಗಳೆಲ್ಲ ಅವನ ಕೈಯವೇ, ಎಲ್ಲದರೊಳಗೂ ಬಿಟ್ಟ ಇಂಚು ಈಗ ಖರ್ಚಾಗಿದೆ. ಹಾಗಾಗಿ ನಾನು ಹೇಳುವುದರಲ್ಲಿ ಸ್ವಲ್ಪ ಪಕ್ಷಪಾತ ಇದ್ದೀತು.

ಇಂಥ ಮನುಷ್ಯನಿಗೆ ಹೆಣ್ಣು ಕೊಟ್ಟ ಮಾವ ಯಾರು ಅಂದರೆ, ತೂಕ ಮತ್ತು ಅಳತೆ ಇಲಾಖೆಯ ಇನ್‌ಸ್ಪೆಕ್ಟರು. ವಿಧಿ ಗಂಟು ಹಾಕುವಾಗ ನಗುತ್ತಾ ಹಾಕಿರಬೇಕು. ಮಾವ ಬೀದಿಯಲ್ಲಿ ನಡೆದು ಬಂದರೆ ಅಂಗಡಿಗಳ ತಕ್ಕಡಿಗಳು ತಾವಾಗಿಯೇ ನೆಟ್ಟಗೆ ನಿಲ್ಲುತ್ತಿದ್ದವಂತೆ. ಅವರ ಮನೆಯಲ್ಲಿ 'ಸುಮಾರು', 'ಅಂದಾಜು' ಅನ್ನುವ ಮಾತುಗಳನ್ನು ಬೈಗುಳಗಳ ಜೊತೆ ಸೇರಿಸಿದ್ದರು. ಮಗಳು ಚಿಕ್ಕವಳಿದ್ದಾಗ "ಒಂಚೂರು ಸಕ್ಕರೆ ಕೊಡಪ್ಪ" ಅಂದರೆ, "ಚೂರು ಅಂದರೆ ಎಷ್ಟು?" ಎಂದು ಕೇಳಿ, ಉತ್ತರ ಬರುವವರೆಗೂ ಡಬ್ಬಿ ತೆಗೆಯುತ್ತಿರಲಿಲ್ಲವಂತೆ.

ಹೆಣ್ಣು ನೋಡಲು ಹೋದ ದಿನ ಒಂದಿಂಚು ಅಭ್ಯಾಸಬಲದಿಂದ ಕೊರಳಿಗೆ ಟೇಪು ಹಾಕಿಕೊಂಡೇ ಹೋಗಿದ್ದ. ಮಾವ ಮಾತಿಲ್ಲದೆ ಆ ಟೇಪನ್ನು ಇಸಿದುಕೊಂಡರು, ಒಳಗಿನಿಂದ ತಮ್ಮ ಉಕ್ಕಿನ ಪಟ್ಟಿ ತಂದರು, ಎರಡನ್ನೂ ಜೋಡಿಸಿ ಇಟ್ಟು ಬಗ್ಗಿ ನೋಡಿದರು. ಎಷ್ಟೋ ಜನರ ಹೊಟ್ಟೆ ಸುತ್ತಿ ಬಂದ ಟೇಪು ಅದು, ಎಳೆದು ಎಳೆದು ಜಗ್ಗಿತ್ತು. ಮಾವ ತೀರ್ಪು ಕೊಟ್ಟರು: "ಈ ಹುಡುಗನ ಇಂಚು ಇಂಚಲ್ಲ."

ಮಗಳು ಒಳಗಿನಿಂದಲೇ ಅಂದಳು, "ನಾನು ಮದುವೆ ಆಗೋದು ಟೇಪನ್ನಲ್ಲ ಅಪ್ಪ."

ಮದುವೆ ಆಯಿತು. ಆದರೆ ಅವತ್ತಿನಿಂದ ಮಾವ ಅಳಿಯನ ಜೊತೆ ನೇರ ಮಾತಾಡಿದ್ದಿಲ್ಲ. ಹೇಳುವುದೇನಿದ್ದರೂ ಮಗಳ ಮೂಲಕ, "ನಿನ್ನ ಯಜಮಾನರಿಗೆ ಹೇಳು" ಅಂತ ಶುರು. ಬಟ್ಟೆ ಹೊಲಿಸುವುದಂತೂ ದೂರದ ಮಾತು. ಊರಿನ ಇನ್ನೊಂದು ತುದಿಯಲ್ಲಿ ಯಾವನೋ ಟೈಲರಿಗೆ ಕೊಟ್ಟು ಹೊಲಿಸಿ, ಸೊಂಟ ಬಿಗಿದು ಉಸಿರು ಕಟ್ಟಿದರೂ ಹಾಕಿಕೊಳ್ಳುತ್ತಿದ್ದರು. ಒಂದಿಂಚು ಮದುವೆಯಾದ ಹೊಸತರಲ್ಲಿ ಮಾವನಿಗೆಂದೇ ಒಂದು ಬೂದು ಬಣ್ಣದ ಒಳ್ಳೇ ಬಟ್ಟೆ ತಂದಿಟ್ಟಿದ್ದ. ವರ್ಷಕ್ಕೊಮ್ಮೆ ಅದನ್ನು ಬಿಸಿಲಿಗೆ ಹಾಕಿ, ಮಡಿಕೆ ಬದಲಾಯಿಸಿ, ಮತ್ತೆ ಬೀರುವಿನಲ್ಲಿಡುತ್ತಿದ್ದ. ಅವನ ಜೀವನದ ಆಸೆ ಏನು ಅಂತ ಯಾರಾದರೂ ಕೇಳಿದರೆ, ಮನೆ ಕಟ್ಟುವುದು, ಕಾರು ಕೊಳ್ಳುವುದು ಅನ್ನುತ್ತಿರಲಿಲ್ಲ. "ಮಾವ ಒಂದ್ಸಲ ಅಳತೆ ಕೊಡಬೇಕು" ಅನ್ನುತ್ತಿದ್ದ.

ಹೀಗಿರುವಾಗ ಮಾವ ಬಚ್ಚಲಲ್ಲಿ ಜಾರಿ ಕಾಲು ಮುರಿದುಕೊಂಡರು. ಇರುತ್ತಿದ್ದದ್ದು ಮಗನ ಜೊತೆ, ಮಗನ ಮನೆಗೋ ಮೆಟ್ಟಿಲು. ಕಾಲು ಕೂಡುವವರೆಗೆ ಮಗಳ ಮನೆ ಅಂತಾಯಿತು. ಮನೆಯ ಮುಂದಿನ ಕೋಣೆಯನ್ನು ಒಂದು ಪರದೆ ಎರಡು ಮಾಡುತ್ತದೆ. ಆ ಕಡೆ ಅಂಗಡಿ, ಈ ಕಡೆ ಟಿವಿ. ಟಿವಿ ಎದುರಿನ ಬೆತ್ತದ ಕುರ್ಚಿಯಲ್ಲಿ ಮಾವ ಬಿಳಿ ಪ್ಲಾಸ್ಟರಿನ ಕಾಲು ಚಾಚಿ ಕೂತರು. ಕೂತವರು ಟಿವಿಯ ಗಡಿಯಾರ ನಿಧಾನ ಇದೆ, ಹಾಲಿನವನ ಲೋಟ ಚಿಕ್ಕದಿದೆ, ಪರದೆ ನೆಲದಿಂದ ಒಂದು ಕಡೆ ಮೇಲೆ ಒಂದು ಕಡೆ ಕೆಳಗೆ ಇದೆ ಎಂದು ಮಗಳಿಗೆ ವರದಿ ಒಪ್ಪಿಸತೊಡಗಿದರು. ಪ್ಲಾಸ್ಟರು ಬಿಚ್ಚಿದ ಮೇಲೂ ಕುರ್ಚಿ ಬಿಡಲಿಲ್ಲ. ಭಾನುವಾರ ಮಗ ಬಂದು ಕರೆದುಕೊಂಡು ಹೋಗುವುದೆಂದು ಗೊತ್ತಾಗಿತ್ತು. ಅಳತೆಯ ಆಸೆ ಇನ್ನು ಬೀರುವಿನಲ್ಲೇ ಅಂತ ಒಂದಿಂಚು ಕೈಚೆಲ್ಲಿದ್ದ.

ಅದರ ಹಿಂದಿನ ಭಾನುವಾರ ಮಧ್ಯಾಹ್ನ ಟಿವಿಯಲ್ಲಿ ಸಮುದ್ರ ಬಂತು.

ಬಿಸಿ ನಾಡುಗಳ ಕಡಲು, ನೀಲಿ ನೀರು, ಹವಳದ ಬಂಡೆ. ಅಲ್ಲಿ ಒಂದು ಮೀನು. ಕಪ್ಪಂದರೆ ಕಪ್ಪು, ಕೋಟಿನ ಕಾಲರಿನ ಹಾಗೆ. ತಟ್ಟೆಯಂಥ ಚಪ್ಪಟೆ ಮೈ, ಮೇಲೊಂದು ಕೆಳಗೊಂದು ರೆಕ್ಕೆ, ಮೈಗೆ ರೆಕ್ಕೆ ಸೇರುವ ಜಾಗದಲ್ಲಿ ಉದ್ದಕ್ಕೂ ಒಂದು ತೆಳು ಬಿಳಿ ಗೆರೆ. ಒಂದಿಂಚು ಪರದೆಯ ಸಂದಿಯಿಂದ ನೋಡಿದವನು ಕಾಲು ಮೆಷಿನ್ನಿನ ಮೇಲೇ ಇದೆ ಅನ್ನುವುದನ್ನು ಮರೆತ. "ಅಂಚಿಗೆ ಏನ್ ಪೈಪಿಂಗ್ ಕೂರಿಸಿದ್ದಾನಪ್ಪ ದೇವ್ರು" ಎಂದು ಬಾಯಿಬಿಟ್ಟ. ಮೆಷಿನ್ನು ಕಟಕಟಕಟ ಎಂದು ಓಡಿ ಯಾರದೋ ಅಂಗಿಯ ತೋಳನ್ನು ಜೇಬಿಗೆ ಸೇರಿಸಿ ಹೊಲಿಯಿತು. ಅದೇ ಸದ್ದಿನಲ್ಲಿ ಟಿವಿಯವನು ಮೀನಿನ ಹೆಸರು ಹೇಳಿ ಮುಗಿಸಿ ಆಮೆಗೆ ಹೋಗಿಬಿಟ್ಟ.

ಮಾವ ಕುರ್ಚಿಯಲ್ಲಿ ತಿರುಗಿದರು. ಮಗಳು ಅಡುಗೆಮನೆಯಲ್ಲಿದ್ದಳು. ಕರೆಯುವಷ್ಟರಲ್ಲಿ ಆಮೆಯೂ ಹೋಗುತ್ತದೆ. ಬೇರೆ ದಾರಿಯಿಲ್ಲದೆ, ಮದುವೆಯಾದಂದಿನಿಂದ ಮೊದಲ ಸಲ, ನೇರವಾಗಿ ಕೇಳಿದರು:

"ನಿಮ್ಮ ಮೆಷಿನ್ ಗದ್ದಲದಲ್ಲಿ ಹೆಸರು ಕೇಳಲಿಲ್ಲ. ಯಾವ ಮೀನು ಅದು, ಅಳಿಯಂದಿರೇ?"

ನೋಡಿ, ಇಲ್ಲಿ 'ಗೊತ್ತಿಲ್ಲ' ಅಂದಿದ್ದರೆ ಈ ಕಥೆ ಇಲ್ಲಿಗೇ ಮುಗಿಯುತ್ತಿತ್ತು, ನೀವೂ ನಿಮ್ಮ ಕೆಲಸ ನೋಡಿಕೊಳ್ಳಬಹುದಿತ್ತು. ಆದರೆ ಮಾವನ ಬಾಯಿಂದ ಬಂದ ಮೊದಲ ಪ್ರಶ್ನೆಯನ್ನು ಬರಿಗೈಯಲ್ಲಿ ವಾಪಸು ಕಳಿಸುವುದು ಹೇಗೆ?

"ಅದಾ ಮಾವ? ನನಗೆ ಗೊತ್ತಿರೋ ಮೀನೇ. ಹೆಸರು ಇಲ್ಲೇ, ನಾಲಗೆ ತುದೀಲಿದೆ."

"ತುದಿಯಲ್ಲೇ ಇದ್ದರೆ ಉಗುಳೋದಕ್ಕೆ ಎಷ್ಟು ಹೊತ್ತು?"

"ಬರುತ್ತೆ ಮಾವ."

"ಸರಿ. ಕಾಯ್ತೀನಿ."

ಮಾವ ಕಾಯುತ್ತೇನೆ ಅಂದರೆ ಕಾಯುವವರೇ. ಒಬ್ಬ ಕಿರಾಣಿ ಅಂಗಡಿಯವನ ಬಚ್ಚಿಟ್ಟ ತಕ್ಕಡಿ ಹೊರಬರಲಿ ಎಂದು ಅವನ ಅಂಗಡಿಯ ಎದುರಿನ ಕಟ್ಟೆಯ ಮೇಲೆ ಬೆಳಗಿನಿಂದ ಸಂಜೆಯವರೆಗೆ ಕೂತವರು ಅವರು. ಸಂಜೆ ಕಾಫಿ ಕೊಡುವಾಗ "ಬಂತಾ?" ಎಂದರು. ರಾತ್ರಿ ಊಟಕ್ಕೆ ಕೂತಾಗ "ಬಂತಾ?" ಬೆಳಿಗ್ಗೆ ಹಲ್ಲುಜ್ಜುತ್ತಿದ್ದ ಅಳಿಯನ ಬೆನ್ನ ಹಿಂದೆ ಕುಂಟುತ್ತಾ ಬಂದು ನಿಂತು, "ಈಗ ನಾಲಗೆ ಹೊರಗೇ ಇದೆ. ಬಂತಾ?"

ಹೆಂಡತಿ ಗಂಡನನ್ನು ಅಡುಗೆಮನೆಗೆ ಕರೆದಳು. "ರೀ, ನಿಜ ಹೇಳಿ. ನಿಮಗೆ ಮೀನಲ್ಲಿ ಗೊತ್ತಿರೋದು ಎರಡೇ ಜಾತಿ, ಹಸಿದು, ಒಣಗಿದ್ದು. ಈ ಸುಳ್ಳು ಯಾಕೆ ಬೇಕಿತ್ತು?"

"ಸುಳ್ಳಲ್ಲ ಕಣೇ. ಮುಂಗಡ ನಿಜ. ಭಾನುವಾರದೊಳಗೆ ಹೆಸರು ಹುಡುಕಿ ತಂದ್ರೆ, ಆವಾಗ ಗೊತ್ತಿತ್ತು ಅಂದದ್ದು ತಾನಾಗೇ ನಿಜ ಆಗುತ್ತೆ."

"ಬಟ್ಟೆ ಕೊಡೋ ದಿನ ಗಿರಾಕಿಗೆ ಹೇಳೋ ಮಾತು ಇದು. ಮನೇಲಿ ನಡೆಯಲ್ಲ."

ಆಗಿನ್ನೂ ಜೇಬಿನಲ್ಲಿ ಜಗತ್ತು ಇಟ್ಟುಕೊಂಡು ಓಡಾಡುವ ಕಾಲ ಬಂದಿರಲಿಲ್ಲ. ಗೊತ್ತಿಲ್ಲದ್ದು ಗೊತ್ತಿಲ್ಲದ ಹಾಗೇ ವರ್ಷಗಟ್ಟಲೆ ಮನೆಯಲ್ಲಿ ಬಿದ್ದಿರುತ್ತಿತ್ತು. ಏನಾದರೂ ತಿಳಿಯಬೇಕಾದರೆ ಚಪ್ಪಲಿ ಮೆಟ್ಟಿ ಹೊರಡಬೇಕಿತ್ತು. ಒಂದಿಂಚು ಮೆಟ್ಟಿದ.

ಮೊದಲು ಹೋದದ್ದು ಸಂತೆಮೂಲೆಯಲ್ಲಿ ಮೀನು ಮಾರುವ ಮೀನಕ್ಕನ ಬಳಿಗೆ.

"ಅಕ್ಕಾ, ಒಂದು ಕಪ್ಪು ಮೀನಿದೆಯಲ್ಲ, ಅದರ ಹೆಸರೇನು?"

"ಎರಡು ದಿನ ಐಸಿಲ್ಲದೆ ಇಟ್ರೆ ಎಲ್ಲಾ ಮೀನೂ ಕಪ್ಪೇ. ತಿನ್ನೋಕಾ, ಸಾಕೋಕಾ?"

"ಎರಡಕ್ಕೂ ಅಲ್ಲ. ಹೆಸರಿಗೆ."

"ಹೆಸರು ತಿಂದ್ರೆ ಹೊಟ್ಟೆ ತುಂಬುತ್ತೇನಪ್ಪ? ಎಷ್ಟು ದೊಡ್ಡದು?"

ಒಂದಿಂಚು ಜಂಬದಿಂದ ಟೇಪು ಬಿಚ್ಚಿದ. "ಟಿವಿ ಮೇಲೆ ಅಂದಾಜು ಹಿಡಿದೆ ಅಕ್ಕ. ಒಂಬತ್ತಿಂಚು."

ಮೀನಕ್ಕ ಕತ್ತಿ ಕೆಳಗಿಟ್ಟಳು. "ಟಿವಿಯಲ್ಲಿ ಆನೆನೂ ಒಂಬತ್ತಿಂಚೇ ಕಣೋ."

ಬಾಯಲ್ಲಿ ಹೇಳಿದರೆ ಯಾರಿಗೂ ತಿಳಿಯುವುದಿಲ್ಲ ಎಂದು ಅವನಿಗೆ ಅರ್ಥವಾಯಿತು. ಚಿತ್ರ ಬರೆಯೋಣವೆಂದರೆ ಪೆನ್ಸಿಲ್ ಹಿಡಿದರೆ ಅಂಗಿಯ ತೋಳೇ ಬರುತ್ತಿತ್ತು. ಬರುವ ವಿದ್ಯೆ ಒಂದೇ. ಕಾಗದದ ಮೇಲೆ ಮೀನಿನ ಕಟಿಂಗ್ ಹಾಕಿದ. ಮದುವೆ ಕೋಟೊಂದರಲ್ಲಿ ಉಳಿದ ಕರಿ ಸ್ಯಾಟಿನ್ ಕತ್ತರಿಸಿದ. ರೆಕ್ಕೆಯ ಬುಡಕ್ಕೆ ಬಿಳಿ ಪೈಪಿಂಗ್ ಎಳೆದ, ಕಣ್ಣಿಗೆ ಗುಂಡಿ ಹೊಲಿದ, ಹೊಟ್ಟೆಗೆ ಚಿಂದಿ ತುಂಬಿದ. ಮೀನು ಬೆಳೆಯುವ ಪ್ರಾಣಿಯಾದ್ದರಿಂದ ಸುತ್ತಲೂ ಒಂದಿಂಚು ಜಾಸ್ತಿ ಬಿಟ್ಟ. ಚಿಂದಿಗೆ ಮಾರ್ಜಿನ್ನು, ಗೀರ್ಜಿನ್ನು ತಿಳಿಯುವುದಿಲ್ಲ, ಜಾಗ ಇದ್ದಷ್ಟಕ್ಕೂ ತುಂಬಿಕೊಂಡಿತು. ತಟ್ಟೆಯಂತಿರಬೇಕಾದ ಮೀನು ದಿಂಬಿನಂತಾಯಿತು.

ಬಣ್ಣದ ಮೀನು ಮಾರುವ ಅಂಗಡಿಯವನು ಅದನ್ನು ಅಂಗೈಯಲ್ಲಿಟ್ಟು ತೂಗಿದ. "ಬಸುರಿ" ಅಂದ.

"ಹೆಸರು?"

"ಬಸುರಿಗೆ ಹೆಸರು ಯಾಕೆ ಸಾರ್, ಹುಟ್ಟೋದಕ್ಕೆ ಇಡಬೇಕು."

ಇತ್ತ ಮನೆಯಲ್ಲಿ ಇದಕ್ಕಿಂತ ದೊಡ್ಡ ಅನಾಹುತ ನಡೆಯುತ್ತಿತ್ತು. ಮಾವ ಅಳಿಯನನ್ನು ಹೊಗಳತೊಡಗಿದ್ದರು.

ಅವರಿಗೂ ಹೊತ್ತು ಹೋಗಬೇಕಲ್ಲ. ಹಾಲಿನವನು ಬಂದರೆ, "ಲೋಟ ಸರಿಯಾಗಿ ತುಂಬಿಸಪ್ಪ. ನಮ್ಮ ಅಳಿಯಂದಿರು ಅಂಥಿಂಥವರಲ್ಲ, ಸಮುದ್ರದ ಮೀನೆಲ್ಲ ಬಲ್ಲವರು" ಅನ್ನುವರು. ಎದುರುಮನೆಯ ನರ್ಸಮ್ಮ ಕಾಲು ನೋಡಲು ಬಂದರೆ, "ಟೈಲರ್ ಅಂದುಕೊಂಡಿದ್ವಿ. ಒಳಗೆ ಎಷ್ಟು ವಿದ್ಯೆ ಮಡಚಿ ಇಟ್ಕೊಂಡಿದ್ದಾರೆ ನೋಡಿ" ಅನ್ನುವರು. ಪಕ್ಕದ ಮನೆಯ ನನಗೂ ಗೋಡೆಯ ಮೇಲಿಂದ ಹೇಳಿದರು. ಅಳಿಯನ ವಿಷಯಕ್ಕೆ ಅವರ ಬಾಯಿಂದ ಒಳ್ಳೇ ಮಾತು ಬಂದದ್ದನ್ನು ಕೇಳಿ ಮಗಳು ಹಿಡಿದಿದ್ದ ಪಾತ್ರೆ ಕೈಬಿಟ್ಟಳು. ಅದರ ಸದ್ದು ನನಗೂ ಕೇಳಿಸಿತು.

ಹೀಗೆ ಹೊಗಳಿಕೆ ಹೊರಗೆ ಹೋಯಿತು, ಬೀದಿ ಅಂಗಡಿಗೆ ಬಂತು. ಪ್ಯಾಂಟು ಹೊಲಿಸಲು ಬಂದವರು, "ಸಾರ್, ತಿಮಿಂಗಿಲ ನಿದ್ದೆ ಮಾಡುತ್ತಾ?" ಎಂದು ಕೇಳುವರು. ಒಂದಿಂಚು ಬಾಯಲ್ಲಿ ಗುಂಡುಸೂಜಿ ಕಚ್ಚಿಕೊಂಡು ಹೂಂಗುಟ್ಟುವನು. ಬಾಯಲ್ಲಿ ಸೂಜಿ ಇರುವವನ ಮೌನಕ್ಕೆ ಬಹಳ ಗೌರವ ಸಿಗುತ್ತದೆ. "ತುಂಬಿದ ಕೊಡ" ಎಂದು ತಲೆದೂಗಿ ಹೋಗುವರು.

ನರ್ಸಮ್ಮ ಮಾತ್ರ ಹೂಂಗೆ ಬಿಡುವವರಲ್ಲ. ಉಪ್ಪಿನಕಾಯಿ ಜಾಡಿಯೊಂದರಲ್ಲಿ ತಮ್ಮ ಕೆಂಪು ಮೀನನ್ನು ಹಿಡಿದುಕೊಂಡು ಬಂದೇಬಿಟ್ಟರು. ಮೀನು ಒಂದು ಮಗ್ಗುಲಿಗೆ ವಾಲಿತ್ತು.

"ಮೂರು ಹೊತ್ತೂ ಹೀಗೇ ಮಲಗಿರುತ್ತಪ್ಪ. ಏನು ಕಾಯಿಲೆ ನೋಡು."

ಒಂದಿಂಚು ಸೂಜಿ ತೆಗೆದ. ಜಾಡಿಯನ್ನು ಬೆಳಕಿಗೆ ಹಿಡಿದು ಮೀನನ್ನು ಹಿಂದೆ ಮುಂದೆ ನೋಡಿದ. ಅವನಿಗೆ ಕಂಡದ್ದೇ ಹೇಳಿದ. "ಬಿಗಿ ಆಗಿದೆ ಅಕ್ಕ. ಕಂಕುಳಲ್ಲಿ ಹಿಡೀತಿದೆ. ಪಾಪ, ತಿರುಗೋಕೆ ಜಾಗ ಇಲ್ಲ. ದೊಡ್ಡ ತೊಟ್ಟಿಗೆ ಹಾಕಿ, ಸುತ್ತ ಸಡಿಲ ಇರಲಿ."

ಮಾರನೇ ದಿನ ಮೀನು ನೆಟ್ಟಗಾಗಿ ಓಡಾಡಿತು. ನರ್ಸಮ್ಮ ಆಸ್ಪತ್ರೆಯ ಒಂದೊಂದು ವಾರ್ಡಿಗೂ ಈ ಸುದ್ದಿ ಹಂಚಿದರು. ಇಷ್ಟಾದ ಮೇಲೆ ಇನ್ನೇನು, ಒಂದಿಂಚಿನ ತಪ್ಪಿಸಿಕೊಳ್ಳುವ ದಾರಿಗಳೆಲ್ಲ ಮುಚ್ಚಿದವು. ಶುಕ್ರವಾರ ಮಾವ ಇನ್ನೊಂದು ಮಾತು ಹೇಳಿದರು. "ಭಾನುವಾರ ಮಧ್ಯಾಹ್ನ ಅದೇ ಕಾರ್ಯಕ್ರಮ ಮತ್ತೆ ಹಾಕ್ತಾರಂತೆ. ಒಳ್ಳೇದಾಯ್ತು. ಮೊದಲು ನೀವು ಹೆಸರು ಹೇಳಿ, ಆಮೇಲೆ ಟಿವಿ ಹೇಳಲಿ. ಎರಡೂ ತಾಳೆ ಆದರೆ ನಾನು ನೆಮ್ಮದಿಯಾಗಿ ಮಗನ ಮನೆಗೆ ಹೋಗ್ತೀನಿ. ನಾಲ್ಕು ಜನರನ್ನೂ ಕರೆದಿದ್ದೀನಿ. ಪರೀಕ್ಷೆ ಅಂದ ಮೇಲೆ ಸಾಕ್ಷಿ ಇರಬೇಕು."

ಒಂದಿಂಚು ಬಟ್ಟೆಮೀನನ್ನು ಕಂಕುಳಲ್ಲಿಟ್ಟುಕೊಂಡು ಮೀನುಗಾರಿಕೆ ಇಲಾಖೆಗೆ ಓಡಿದ.

ಇಲಾಖೆ ಮೂರನೇ ಮಹಡಿಯಲ್ಲಿತ್ತು. ಮೂಲೆಯಲ್ಲೊಂದು ಗಾಜಿನ ತೊಟ್ಟಿ, ಅದರಲ್ಲಿ ನೀರಿನ ಬದಲು ಛತ್ರಿಗಳು. ಸಾಹೇಬರು ಕನ್ನಡಕ ಏರಿಸಿ ಮೀನನ್ನು ಒತ್ತಿ ನೋಡಿದರು.

"ಮೆತ್ತಗಾಗಿದೆಯಲ್ಲ. ಸತ್ತು ಎಷ್ಟು ದಿನ ಆಯ್ತು?"

"ಇದು ಹೊಲಿದದ್ದು ಸಾರ್."

"ಓಹೋ." ಸಾಹೇಬರು ಕೈ ಒರೆಸಿಕೊಂಡರು. "ಸಿಹಿನೀರಿಂದಾ, ಉಪ್ಪುನೀರಿಂದಾ?"

"ಸಮುದ್ರದ್ದು ಸಾರ್. ಬಿಸಿ ದೇಶದ್ದು."

"ಅಲ್ಲೇ ಕೈ ಕಟ್ಟಿಹೋಯ್ತು ನೋಡಿ. ನಮ್ಮದು ಕೆರೆ, ಹೊಂಡ, ಬಾವಿ. ಉಪ್ಪುನೀರು ನಮ್ಮ ಮೇಜಿಗೆ ಬರಲ್ಲ." ಒಂದಿಂಚಿನ ಮುಖ ನೋಡಿ ಸಾಹೇಬರಿಗೆ ಕನಿಕರ ಹುಟ್ಟಿತು. ಒಳ್ಳೇ ಮನುಷ್ಯ. ದನಿ ತಗ್ಗಿಸಿದರು. "ಒಂದು ದಾರಿ ಹೇಳ್ತೀನಿ, ಇಲಾಖೆ ಕಡೆಯಿಂದ ಅಲ್ಲ, ನನ್ನ ಕಡೆಯಿಂದ. ಈ ಊರಲ್ಲೇ ಒಬ್ಬರಿದ್ದಾರಂತೆ, ಸಮುದ್ರದ ಮೀನಂದ್ರೆ ನೀರು ಕುಡಿದಷ್ಟು ಸುಲಭ. ನಮ್ಮನೆಯವಳು ಆಸ್ಪತ್ರೆಗೆ ಹೋದಾಗ ಅಲ್ಲಿನ ನರ್ಸು ಹೇಳಿದಳಂತೆ. ವೃತ್ತಿಯಲ್ಲಿ ಟೈಲರಂತೆ."

ಒಂದಿಂಚು ಕುರ್ಚಿಯ ಕೈ ಹಿಡಿದುಕೊಂಡ. "ಅವರು... ನಿಜವಾಗ್ಲೂ ತಿಳಿದವರಾ ಸಾರ್?"

"ಬಹಳ ತಿಳಿದವರಂತೆ. ಆದರೆ ಬಾಯೇ ಬಿಡಲ್ಲವಂತೆ. ನನ್ನ ಹೆಸರು ಹೇಳಿ, ಹೇಳ್ತಾರೆ." ಸಾಹೇಬರು ಒಂದು ಚೀಟಿಯಲ್ಲಿ ಬೀದಿ, ಗುರುತು ಎಲ್ಲ ಬರೆದುಕೊಟ್ಟರು. "ಸಿಕ್ಕಿದರೆ ನನಗೂ ತಿಳಿಸಿ. ಭಾನುವಾರ ಅವರ ಮನೇಲೇನೋ ಪ್ರದರ್ಶನ ಇದೆಯಂತೆ, ಪುರುಸೊತ್ತಾದರೆ ನಾನೂ ಬರಬೇಕು ಅಂತಿದ್ದೀನಿ."

ಸಂಜೆ ಹೆಂಡತಿ ಆ ಚೀಟಿ ಓದಿದಳು. "ಇದು ಯಾರ ವಿಳಾಸ?"

"ನಂದೇ."

"ಸರಿ ಮತ್ತೆ. ಹೋಗಿ ಕೇಳ್ಕೊಂಡು ಬನ್ನಿ."

ಭಾನುವಾರ ಬಂತು, ಬರುವುದು ಅದರ ಕರ್ಮ. ಪರದೆ ಎತ್ತಿ ಕಟ್ಟಿ ಅಂಗಡಿಯನ್ನೂ ಕೋಣೆಯನ್ನೂ ಒಂದು ಮಾಡಿದ್ದರು. ನರ್ಸಮ್ಮ ಮುಂದೆ, ನಾನು ಬಾಗಿಲಿಗೊರಗಿ. ವ್ಯಾಪಾರ ಮುಗಿಸಿ ಬಂದ ಮೀನಕ್ಕ ಹೊಸ್ತಿಲ ಮೇಲೆ ಕೂತು, "ಒಂಬತ್ತಿಂಚು ಎಲ್ಲಿ ನೋಡೋಣ" ಅನ್ನುತ್ತಿದ್ದಳು. ಮಾವನನ್ನು ಕರೆದೊಯ್ಯಲು ಬಂದಿದ್ದ ಭಾವಮೈದ ಕಾರಿನ ಕೀಲಿ ತಿರುಗಿಸುತ್ತಾ ನಿಂತಿದ್ದ. ಮಾವನ ಪೆಟ್ಟಿಗೆ ಬಾಗಿಲ ಬಳಿ ಇತ್ತು. ಕೊನೆಗೆ ಸಾಹೇಬರೂ ಬಂದರು. ಟೇಪು ಕೊರಳಿಗೆ ಹಾಕಿಕೊಂಡು ನಿಂತಿದ್ದ ಒಂದಿಂಚನ್ನು ಕಂಡು, "ಓ, ನೀವೂ ಬಂದ್ರಾ? ಅವರು ಸಿಕ್ಕಿದರಾ?" ಎಂದರು.

"ಇನ್ನೂ ಹುಡುಕ್ತಾ ಇದ್ದೀನಿ ಸಾರ್" ಅಂದ ಒಂದಿಂಚು. ಅವನು ಆ ವಾರ ಹೇಳಿದ ಮೊದಲ ನಿಜ ಅದು.

ಮಾವ ಬೆತ್ತದ ಕುರ್ಚಿಯಲ್ಲಿ, ತೊಡೆಯ ಮೇಲೆ ಬಟ್ಟೆಮೀನು, ಕೈಯಲ್ಲಿ ಉಕ್ಕಿನ ಪಟ್ಟಿ. ಟಿವಿಯಲ್ಲಿ ಜಾಹೀರಾತು ನಡೆಯುತ್ತಿತ್ತು. "ಹಾಂ, ಅಳಿಯಂದಿರೇ. ಶುರು ಆಗೋ ಮೊದಲು ಹೇಳಿಬಿಡಿ."

ಒಂದಿಂಚು ನೋಡಿದ: ನರ್ಸಮ್ಮನ ನಂಬಿಕೆಯ ಮುಖ, ಸಾಹೇಬರ ಗೊಂದಲದ ಮುಖ, ಹೆಂಡತಿಯ 'ನಾನು ಹೇಳಿದ್ದೆ' ಎಂಬ ಮುಖ. ಬಾಯಲ್ಲಿ ಕಚ್ಚಿಕೊಳ್ಳಲು ಒಂದು ಸೂಜಿಯೂ ಕೈಗೆ ಸಿಗಲಿಲ್ಲ.

"ನನಗೆ ಗೊತ್ತಿಲ್ಲ ಮಾವ."

"ಏನು?"

"ಆ ಮೀನಿನ ಹೆಸರು ಗೊತ್ತಿಲ್ಲ. ಅವತ್ತೂ ಗೊತ್ತಿರಲಿಲ್ಲ. ನಾಲಗೆ ತುದೀಲಿ ಏನೂ ಇರಲಿಲ್ಲ, ಬುಡದಲ್ಲೂ ಇರಲಿಲ್ಲ. ನೀವು ಮೊದಲನೇ ಸಲ ಏನೋ ಕೇಳಿದ್ರಿ. ಇಲ್ಲ ಅನ್ನೋಕೆ ಮನಸ್ಸು ಬರಲಿಲ್ಲ."

ಮೊದಲು ಚೇತರಿಸಿಕೊಂಡವರು ನರ್ಸಮ್ಮ. "ಹಾಗಾದ್ರೆ ನನ್ನ ಮೀನಿಗೆ ಬಿಗಿ ಆಗಿದೆ ಅಂದದ್ದು?"

"ಅದು ಕಣ್ಣಿಗೆ ಕಾಣ್ತಿತ್ತಲ್ಲ ಅಕ್ಕ."

"ಹೇಗೂ ಮೀನು ಬದುಕಿದೆ ಬಿಡು" ಎಂದು ನರ್ಸಮ್ಮ ತಮಗೆ ತಾವೇ ಹೇಳಿಕೊಂಡರು. ಸಾಹೇಬರು ನನ್ನ ಕಿವಿಯಲ್ಲಿ, "ಅಂದ್ರೆ ಇವರೇನಾ ಅವರು?" ಎಂದರು. ಭಾವಮೈದ ನಕ್ಕ. "ಭಾವ, ಒಂದು ಮೀನಿಗೋಸ್ಕರ ಇಷ್ಟೆಲ್ಲಾ..."

"ಸುಮ್ನಿರೋ" ಎಂದರು ಮಾವ. ಅಷ್ಟು ಹೊತ್ತಿಗೆ ಸಮುದ್ರ ಬಂತು.

ನೀಲಿ ನೀರು, ಹವಳ, ಆ ಮೀನು. ಎಲ್ಲರೂ ಕಿವಿ ನಿಮಿರಿಸಿದರು. ಒಂದಿಂಚು ಮೆಷಿನ್ನಿನಿಂದ ಆದಷ್ಟು ದೂರ ಸರಿದು, ಎರಡೂ ಕಾಲು ಒಟ್ಟಿಗೆ ಇಟ್ಟು ನಿಂತ. ಟಿವಿಯವನು ಗಂಟಲು ಸರಿಮಾಡಿಕೊಂಡ ಹಾಗೆ ಸ್ಪಷ್ಟವಾಗಿ ಹೇಳಿದ: "ಇದು ಕಪ್ಪು ಟ್ರಿಗರ್ ಮೀನು."

ಎಲ್ಲರೂ ಒಂದಿಂಚಿನ ಕಡೆ ತಿರುಗಿದರು.

"ಕಪ್ಪು ಮೀನು ಅಂತಲೇ ತಾನೇ?" ಎಂದಳು ಮೀನಕ್ಕ. "ಇವನು ಮೊದಲನೇ ದಿನ ನನ್ನ ಹತ್ರ ಬಂದು ಕೇಳಿದ್ದೇ ಕಪ್ಪು ಮೀನಿನ ಹೆಸರೇನು ಅಂತ. ಮುಕ್ಕಾಲು ಹೆಸರು ಇವನ ಬಾಯಲ್ಲೇ ಇತ್ತಲ್ಲೋ."

ಟಿವಿಯವನು ಮುಂದುವರಿಸಿದ. ದೂರಕ್ಕೆ ಕಪ್ಪಾಗಿ ಕಂಡರೂ ಇದು ಪೂರ್ತಿ ಕಪ್ಪಲ್ಲವಂತೆ. ಬೆಳಕು ಬಿದ್ದು ಹತ್ತಿರದಿಂದ ನೋಡಿದರೆ ಮೈಯಲ್ಲಿ ನೀಲಿ, ಹಸಿರು ಗೆರೆಗಳು ಹೊಳೆಯುತ್ತವಂತೆ. ಹೆದರಿದರೆ ಬಂಡೆಯ ಬಿರುಕಿನೊಳಗೆ ಹೊಕ್ಕು, ಬೆನ್ನಿನ ಮುಳ್ಳನ್ನು ನೆಟ್ಟಗೆ ಎತ್ತಿ ಕೀಲು ಹಾಕಿಕೊಂಡುಬಿಡುತ್ತದಂತೆ. ಆಮೇಲೆ ಯಾರು ಎಳೆದರೂ ಈಚೆಗೆ ಬರುವುದಿಲ್ಲವಂತೆ.

ಬೆತ್ತದ ಕುರ್ಚಿಯಲ್ಲಿ ಬಿಗಿಯಾಗಿ ಕೂತಿದ್ದ ಅಪ್ಪನನ್ನು ಮಗಳು ನೋಡಿದಳು. "ಅಪ್ಪ, ನಿಮ್ಮ ವಿಷಯ ಟಿವಿಯಲ್ಲಿ ಬಂತು."

ಮೊದಲು ನಕ್ಕದ್ದು ನರ್ಸಮ್ಮ, ಆಮೇಲೆ ಸಾಹೇಬರು, ಆಮೇಲೆ ಬೀದಿಗೆ ಬೀದಿಯೇ. ಮಾವ ನಗಲಿಲ್ಲ. ಉಕ್ಕಿನ ಪಟ್ಟಿಯನ್ನು ಬಟ್ಟೆಮೀನಿನ ಉದ್ದಕ್ಕೆ ಹಿಡಿದರು, ಅಡ್ಡಕ್ಕೆ ಹಿಡಿದರು, ಬಿಳಿ ಪೈಪಿಂಗಿನ ಮೇಲೆ ಬೆರಳು ಓಡಿಸಿದರು, ಟಿವಿ ನೋಡಿದರು, ಮತ್ತೆ ಮೀನು ನೋಡಿದರು. ಇಲಾಖೆಯಲ್ಲಿದ್ದಾಗ ಅಂಗಡಿ ಮುಚ್ಚಿಸುವ ಮೊದಲು ಅವರು ಹೀಗೇ ನೋಡುತ್ತಿದ್ದಿರಬೇಕು.

"ಗೆರೆ ಸರಿಯಾದ ಜಾಗದಲ್ಲಿದೆ" ಎಂದರು. "ಮೀನು ಒಂದಿಂಚು ಜಾಸ್ತಿ."

"ಸುತ್ತ ಬಿಟ್ಟಿದ್ದೆ ಮಾವ. ಬೆಳೆಯುತ್ತೆ ಅಂತ."

"ಹೂಂ." ಮಾವ ಪಟ್ಟಿ ಕೆಳಗಿಟ್ಟರು. "ನೌಕರಿ ಪೂರ್ತಿ ಅಂಗಡಿ ಅಂಗಡಿ ತಿರುಗಿದೆ. ತಕ್ಕಡಿ ಕೆಳಗೆ ಮೇಣ ಅಂಟಿಸಿದವನು, ತೂಕದ ಕಲ್ಲು ಕೊರೆದವನು, ಎಲ್ಲರನ್ನೂ ನಾನೇ ಹಿಡಿದೆ. ಒಬ್ಬನಾದರೂ ತಾನಾಗಿ ಬಂದು, ಸಾರ್, ನನ್ನ ತೂಕ ಕಮ್ಮಿ ಇದೆ ಅಂದಿದ್ದನಾ? ಇಲ್ಲ. ಹಿಡಿದ ಮೇಲೂ ಅನ್ನಲಿಲ್ಲ. ಇಷ್ಟು ಜನರ ಎದುರಿಗೆ, ಟಿವಿ ಇನ್ನೂ ಬಾಯಿ ಬಿಡೋಕೆ ಮುಂಚೆ, ಇವನೊಬ್ಬ ಅಂದ."

ಅಳಿಯಂದಿರು ಹೋಗಿ 'ಇವನು' ಆಗಿದ್ದ. ಮದುವೆಯಾಗಿ ಇಷ್ಟು ವರ್ಷ ಬಹುವಚನದಲ್ಲಿ ನಿಂತಿದ್ದವನಿಗೆ ಕೂರಲು ಜಾಗ ಸಿಕ್ಕಿದಂತಾಯಿತು. ಒಂದಿಂಚು ನಿಜವಾಗಿಯೂ ಮೆಷಿನ್ನಿನ ಸ್ಟೂಲಿನ ಮೇಲೆ ಕೂತುಬಿಟ್ಟ.

ಭಾವಮೈದ ಗಡಿಯಾರ ನೋಡಿದ. "ಅಪ್ಪ, ಹೊರಡೋಣ್ವಾ? ದಾರಿ ದೂರ."

"ಏನಪ್ಪಾ ಅವಸರ. ಈ ಪ್ಯಾಂಟು ಹಾಕ್ಕೊಂಡು ಹೇಗೆ ಬರೋದು? ಸೊಂಟ ಹಿಡೀತಿದೆ. ಕೂತು ಕೂತು ಮೈ ಬಂದಿದೆ." ಮಾವ ಕುರ್ಚಿಯ ಕೈಗಳ ಮೇಲೆ ಭಾರ ಹಾಕಿ ಎದ್ದರು. ಎದ್ದು, ಕೈಗಳೆರಡನ್ನೂ ಸ್ವಲ್ಪ ಅಗಲಿಸಿ, ಗೋಡೆ ನೋಡಿಕೊಂಡು ನಿಂತರು. "ಮಗಳೇ, ಬೀರುವಲ್ಲಿ ಏನೋ ಬೂದು ಬಟ್ಟೆ ಇದೆಯಂತಲ್ಲ. ವರ್ಷಾ ವರ್ಷಾ ಅಂಗಳದಲ್ಲಿ ಒಣಗೋದು ಬಂದು ಹೋಗುವಾಗ ನಾನೇನು ನೋಡಿಲ್ಲವಾ."

ಒಂದಿಂಚು ಎದ್ದ. ಕೊರಳಿನ ಟೇಪು ತೆಗೆಯಲು ಹೋದ, ಅದು ಕಾಲರಿಗೆ ಸಿಕ್ಕಿಕೊಂಡಿತು. ಬಿಡಿಸಿಕೊಂಡು, ಮಾವನ ಹಿಂದೆ ನಿಂತು ತಡವರಿಸಿದ.

"ಮಾವ, ನನ್ನ ಟೇಪು ಸ್ವಲ್ಪ ಜಗ್ಗಿದೆ. ನಿಮ್ಮ ಪಟ್ಟಿಯಲ್ಲೇ ತಗೊಳ್ಳಲಾ?"

"ಉಕ್ಕಿನ ಪಟ್ಟಿ ಸೊಂಟಕ್ಕೆ ಸುತ್ತುತ್ತೇನಯ್ಯಾ? ನಿನ್ನದರಲ್ಲೇ ತಗೋ."

ತೆಗೆದುಕೊಂಡ. ಎರಡು ಸಲ ಟೇಪು ಜಾರಿತು, ಮಾವ ಹೊಟ್ಟೆ ಒಳಗೆಳೆದುಕೊಳ್ಳದೆ ಸಹಿಸಿದರು. ಅಂಕಿಯನ್ನು ಸೀಮೆಸುಣ್ಣದಲ್ಲಿ ಬೂದು ಬಟ್ಟೆಯ ಮೂಲೆಗೆ ಬರೆದುಕೊಂಡ. ಎಷ್ಟೆಂದು ಹೇಳಲಾರೆ, ಅದು ಮಾವ ಅಳಿಯಂದಿರ ನಡುವಿನ ಮಾತು. ಮೀನಕ್ಕ ಮಾತ್ರ ಹೊಸ್ತಿಲಿಂದಲೇ, "ಟಿವಿಗಿಂತ ಅಗಲ ಇದೆ" ಎಂದಳು.

ಭಾವಮೈದ ಪೆಟ್ಟಿಗೆ ಎತ್ತಿ ಮತ್ತೆ ಕೆಳಗಿಟ್ಟ. "ಹಾಗಾದ್ರೆ ನಾನು ಯಾವತ್ತು ಬರಲಿ?"

"ಹೊಲಿದಾದ ಮೇಲೆ" ಎಂದರು ಮಾವ.

"ಯಾವತ್ತು ಆಗುತ್ತೆ ಭಾವ?"

ಒಂದಿಂಚು ಬಟ್ಟೆ ಹರವುತ್ತಾ, ಎಲ್ಲ ಟೈಲರುಗಳೂ ಎಲ್ಲ ಗಿರಾಕಿಗಳಿಗೂ ಹೇಳುವ ಮಾತನ್ನೇ ಹೇಳಿದ. "ಸುಮಾರು ಒಂದು ವಾರ ಅನ್ಕೊಳ್ಳಿ."

'ಸುಮಾರು' ಕೇಳಿ ನಾವೆಲ್ಲ ಮಾವನ ಮುಖ ನೋಡಿದೆವು. ಅವರು ಬಟ್ಟೆಮೀನನ್ನು ಬೆನ್ನ ಹಿಂದೆ ಇಟ್ಟುಕೊಂಡು ಕುರ್ಚಿಯಲ್ಲಿ ಒರಗುತ್ತಿದ್ದರು. ಸರಿಯಾಗಿ ಸೊಂಟಕ್ಕೆ ಆನಿಕೊಂಡಿತು. ಕಣ್ಣು ಮುಚ್ಚಿಕೊಂಡೇ ಅಂದರು:

"ಅವಸರ ಏನಿಲ್ಲ ಕಣಯ್ಯಾ. ಒಳಗೆ ಒಂದಿಂಚು ಬಿಡು."